ಪತ್ರಿಕೆಯಿಂದ ಕಗ್ಗದವರೆಗೆ: ಡಿವಿಜಿ ಮತ್ತು ಭಾಗೀರಥಮ್ಮ

ಹೈದರಾಬಾದಿಗೆ ಬಂದು ಎಷ್ಟೇ ವರ್ಷಗಳಾಗಿರಲಿ, ನಾವು ನಾಲ್ಕು ಜನ ಕನ್ನಡದ ಹೆಣ್ಣುಮಕ್ಕಳು ಸೇರಿದರೆ ‘ಮಂಕುತಿಮ್ಮನ ಕಗ್ಗ’ದ ಮಾತು ಬಂದೇ ಬರುತ್ತದೆ. ಅದನ್ನು ಬರೆದ ಡಿ.ವಿ. ಗುಂಡಪ್ಪನವರು ವೃತ್ತಿಯಿಂದ ಪತ್ರಕರ್ತರು ಎಂಬುದು ಮಾತ್ರ ಹಲವರಿಗೆ ನೆನಪಿರುವುದಿಲ್ಲ.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲೇ ಬೆಂಗಳೂರಿನ ಪತ್ರಿಕೆಗಳಲ್ಲಿ ದುಡಿಯತೊಡಗಿದರು. ನಮ್ಮ ಹೈದರಾಬಾದಿನಂತೆ ಮೈಸೂರು ಕೂಡ ಆಗ ಅರಸರ ಸಂಸ್ಥಾನ. 1908ರಲ್ಲಿ ಅಲ್ಲಿ ಬಿಗಿಯಾದ ಪತ್ರಿಕಾ ಕಾನೂನು ಜಾರಿಗೆ ಬಂದು ಕೆಲವು ಪತ್ರಿಕೆಗಳು ನಿಂತೇಹೋದವು. ಅಂಥ ಕಾಲದಲ್ಲಿ, 1913ರ ಏಪ್ರಿಲ್‌ನಲ್ಲಿ, ಅವರು ವಾರಕ್ಕೆರಡು ಬಾರಿ ಬರುವ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ಸಂಸ್ಥಾನದ ಪ್ರಜೆಗಳ ಹಕ್ಕು ಮತ್ತು ಆಡಳಿತದ ಹೊಣೆಗಾರಿಕೆಯ ಬಗ್ಗೆ ಅದರಲ್ಲಿ ಬರೆದರು.

ದಿವಾನ್ ವಿಶ್ವೇಶ್ವರಯ್ಯನವರು ಅವರಿಗೆ ಆತ್ಮೀಯರು. ಆದರೂ ಸರ್ಕಾರದ ಹಣ ಪಡೆದರೆ ಸರ್ಕಾರವನ್ನು ನಿರ್ಭಯವಾಗಿ ಟೀಕಿಸಲಾಗದು ಎಂದು ಡಿವಿಜಿ ಸಂಭಾವನೆಯನ್ನು ನಿರಾಕರಿಸಿದರಂತೆ. ಆ ನಿಷ್ಠೆಯ ಬೆಲೆ ತೆತ್ತವರಲ್ಲಿ ಪತ್ನಿ ಭಾಗೀರಥಮ್ಮನವರೂ ಒಬ್ಬರು. ಬಂಧುಗಳ ಮನೆಯ ಸಮಾರಂಭಕ್ಕೆ ಒಮ್ಮೆ ಅವರು ಹೋಗಲಿಲ್ಲ. ಕಾರಣ ಕೇಳಿದಾಗ ತಿಳಿದದ್ದು ಇಷ್ಟು: ಉಡಲು ಇದ್ದ ಒಂದೇ ಸೀರೆ ಹರಿದಿತ್ತು, ಅದನ್ನುಟ್ಟು ಹೋದರೆ ಗಂಡನ ಹೆಸರಿಗೆ ಕುಂದು ಎಂಬ ಅಳುಕು! ಇಂದಿಗೂ ಜನ ನೆನೆಯುವ ಪ್ರಸಂಗವಿದು.

1921ರಲ್ಲಿ ಪತ್ರಿಕೆ ನಿಂತಿತು. 1924ರಲ್ಲಿ ಭಾಗೀರಥಮ್ಮನವರು ತೀರಿಕೊಂಡರು. ಡಿವಿಜಿ ಮರುಮದುವೆಯಾಗಲಿಲ್ಲ.

ಮುಂದೆ ಅವರ ಲೇಖನಿ ಹೆಚ್ಚುಹೆಚ್ಚಾಗಿ ಧರ್ಮ, ನೀತಿಗಳ ಕಡೆ ತಿರುಗಿತು. 1943ರಲ್ಲಿ ‘ಕಗ್ಗ’ ಬಂತು. ಬೆಂಗಳೂರಿನಲ್ಲಿ 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ರಾಜ್ಯಶಾಸ್ತ್ರದ ಜೊತೆಗೆ ಭಗವದ್ಗೀತೆಯನ್ನೂ ಪಾಠ ಹೇಳಿದರು. ಗೀತೆಯನ್ನು ಕುರಿತ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಸಾರದ ನಡುವೆ ಇದ್ದುಕೊಂಡೇ ಕರ್ತವ್ಯ ಮಾಡುವುದು ಧರ್ಮ ಎಂಬುದು ಅದರ ಸಾರ. 1970ರ ಸನ್ಮಾನದಲ್ಲಿ ಬಂದ 1 ಲಕ್ಷ ರೂಪಾಯಿಯನ್ನು ಅವರು ಅದೇ ಸಂಸ್ಥೆಗೆ ಕೊಟ್ಟರು. 1974ರಲ್ಲಿ ಪದ್ಮಭೂಷಣ ಬಂತು. ಮರುವರ್ಷ ಅಕ್ಟೋಬರ್ 7ರಂದು ತೀರಿಕೊಂಡರು.

ಡಿವಿಜಿ ನೀತಿಯನ್ನು ಬರೆಯುವ ಮೊದಲು ಪತ್ರಿಕೆಯ ಕಚೇರಿಯಲ್ಲಿ ಅದನ್ನು ಬಾಳಿದ್ದರು. ಅದರ ಕಷ್ಟವನ್ನು ಮನೆಯಲ್ಲಿ ಸದ್ದಿಲ್ಲದೆ ಹೊತ್ತವರು ಭಾಗೀರಥಮ್ಮ. ಗೆಳತಿಯರೇ, ಮುಂದಿನ ಸಲ ಕಗ್ಗ ಓದಲು ಕುಳಿತಾಗ ಅವರ ಹೆಸರನ್ನೂ ಒಮ್ಮೆ ಹೇಳೋಣ.