ಈಸ್ಟ್ರೊಜೆನ್ ಗ್ರಾಹಕದ ಪ್ರತಿಕಾಯವೂ ಅನುಪಲಬ್ಧಿಪ್ರಮಾಣವೂ

೧

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಔಷಧಿಸಸ್ಯಗಳಿಗೆ ಹೆಸರಾದುದು. ಅದರ ಪಡುವಣ ದಿಕ್ಕಿನ ಲಕ್ಷ್ಮೇಶ್ವರವು ಪುಲಿಗೆರೆಯೆಂಬ ಪೂರ್ವನಾಮದಿಂದ ತಿರುಳ್ಗನ್ನಡದ ನೆಲೆಯೆಂದು ಸಾಹಿತ್ಯಜ್ಞರಿಗೆ ವಿದಿತವೇ ಇದೆ. ಈ ಸೀಮೆಯ ಹೆಣ್ಣುಮಗಳೊಬ್ಬಳಿಗೆ ಸ್ತನಾರ್ಬುದವು, ಎಂದರೆ ಸ್ತನದ ಕ್ಯಾನ್ಸರು, ತಲೆದೋರಿದರೆ ಚಿಕಿತ್ಸೆಯನ್ನು ನಿಶ್ಚಯಿಸುವ ಮೊದಲು ವೈದ್ಯರು ಕೇಳುವ ಪ್ರಶ್ನೆಯೊಂದುಂಟು: ಗಂಟಿನ ಜೀವಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಕವು ಇದೆಯೋ, ಇಲ್ಲವೋ? ಇದಕ್ಕೆ ಉತ್ತರವನ್ನು ಕೊಡುವುದು ಪ್ರಯೋಗಶಾಲೆಯ ಒಂದು ಪ್ರತಿಕಾಯ. 'ಇಲ್ಲ' ಎಂಬ ಉತ್ತರವನ್ನು ಯಾವಾಗ ಪ್ರಮಾಣವೆಂದು ಅಂಗೀಕರಿಸಬೇಕೆಂಬುದು ಪ್ರಕೃತ ವಿಚಾರ. ಅದಕ್ಕಾಗಿ ಈ ಪ್ರತಿಕಾಯದ ಚರಿತ್ರೆಯನ್ನು ಮೊದಲು ನೋಡುವುದು ಉಚಿತ.

೨

ಅರ್ಬುದವು ದುಂಡಾಗಿ, ಅಲುಗದೆ, ಆಳವಾಗಿ ಬೇರೂರಿ, ಮೆಲ್ಲಗೆ ಬೆಳೆದು, ಪಕ್ವವಾಗದೆ ಇರುವುದೆಂದು ಸುಶ್ರುತಸಂಹಿತೆಯ ನಿದಾನಸ್ಥಾನವು ಹೇಳುತ್ತದೆ. ಇವು ಕಣ್ಣಿಗೂ ಕೈಗೂ ಸಿಕ್ಕುವ ಲಕ್ಷಣಗಳು. ಹೊರಗೆ ಒಂದೇ ತೆರನಾಗಿ ತೋರುವ ಎರಡು ಗಂಟುಗಳು ಒಳಗೆ ಭಿನ್ನಸ್ವಭಾವದವಾಗಿರಬಹುದೆಂಬುದು ಬಹುಕಾಲದ ಮೇಲೆ ಗೊತ್ತಾಯಿತು. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ನರು ಅಂಡಾಶಯಗಳನ್ನು ತೆಗೆದುಹಾಕಿದರೆ ಸ್ತನಾರ್ಬುದವು ಕುಗ್ಗಬಹುದೆಂದು ೧೮೯೬ರಲ್ಲಿ ಪ್ರಕಟಿಸಿದರು. ಆದರೆ ಗುಣ ಕಂಡುದು ಸುಮಾರು ಮೂವರಲ್ಲಿ ಒಬ್ಬಳಿಗೆ ಮಾತ್ರ. ಆ ಒಬ್ಬಳು ಯಾರೆಂದು ಮೊದಲೇ ತಿಳಿಯುವ ಉಪಾಯವಿರಲಿಲ್ಲ. ಮಿಕ್ಕವರು ವ್ಯರ್ಥವಾಗಿ ಶಸ್ತ್ರಕ್ಕೆ ಒಳಗಾಗುತ್ತಿದ್ದರು.

ಇದರ ಕಾರಣವು ತಿಳಿದುಬಂದುದು ಅಮೇರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ೧೯೫೦ರ ದಶಕದ ಕೊನೆಯಲ್ಲಿ ಎಲ್ವುಡ್ ಜೆನ್ಸನ್ನರು ಅಂಡಾಶಯದ ರಸವಾದ ಈಸ್ಟ್ರೊಜೆನ್ನಿಗೆ ವಿಕಿರಣದ ಗುರುತನ್ನು ಕೂಡಿಸಿ ಇಲಿಗಳ ಮೈಗೆ ಸೇರಿಸಿದರು. ಅದು ರಕ್ತದೊಡನೆ ಎಲ್ಲ ಅಂಗಗಳಿಗೂ ಹರಿದರೂ ಗರ್ಭಾಶಯವೇ ಮೊದಲಾದ ಕೆಲವು ಅಂಗಗಳಲ್ಲಿ ಮಾತ್ರ ನೆಲೆನಿಂತಿತು. ಅಲ್ಲಿ ಅದನ್ನು ಹಿಡಿದಿಡುವ ಸಸಾರಜನಕ ದ್ರವ್ಯವೇ ಗ್ರಾಹಕ. ಗ್ರಾಹಕವುಳ್ಳ ಅರ್ಬುದವು ಈಸ್ಟ್ರೊಜೆನ್ನಿನಿಂದ ಪೋಷಣೆ ಪಡೆಯುವುದು. ಆ ಪೋಷಣೆ ತಪ್ಪಿದರೆ ಕುಗ್ಗುವ ಸಂಭವವುಂಟು.

೩

ಮೊದಲ ಪರೀಕ್ಷಾಕ್ರಮವು ಬಹಳ ತೊಡಕಿನದು. ಗಂಟಿನಿಂದ ದೊಡ್ಡ ತುಣುಕನ್ನೇ ತೆಗೆದು, ಒಡನೆಯೇ ಹೆಪ್ಪುಗಟ್ಟಿಸಿ, ಅರೆದು, ವಿಕಿರಣವುಳ್ಳ ಈಸ್ಟ್ರೊಜೆನ್ನನ್ನು ಬೆರಸಿ ಅಳೆಯಬೇಕಾಗಿತ್ತು. ಅರೆದ ಮೇಲೆ ರೋಗದ ಕೋಶವಾವುದು, ಆರೋಗ್ಯದ ಕೋಶವಾವುದು ಎಂಬ ಭೇದವೂ ಅಳಿಯುತ್ತಿತ್ತು. ದೊಡ್ಡ ನಗರಗಳ ಹೊರಗೆ ಈ ಪರೀಕ್ಷೆ ಅಸಾಧ್ಯಪ್ರಾಯವಾಗಿತ್ತು.

ಮೈಯೊಳಗೆ ಪರದ್ರವ್ಯವೊಂದು ಸೇರಿದರೆ ಅದಕ್ಕೇ ಹೋಗಿ ಅಂಟುವ ದ್ರವ್ಯವನ್ನು ಶರೀರವು ಹುಟ್ಟಿಸುತ್ತದೆ. ಇದೇ ಪ್ರತಿಕಾಯ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯವನ್ನು ೧೯೭೫ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್, ಮಿಲ್‌ಸ್ಟೈನ್ ಎಂಬಿಬ್ಬರು ಕಂಡುಹಿಡಿದರು. ೧೯೮೦ರಲ್ಲಿ ಜೆಫ್ರಿ ಗ್ರೀನ್, ಜೆನ್ಸನ್ ಮತ್ತು ಅವರ ಸಂಗಡಿಗರು ಮಾನವ ಗ್ರಾಹಕಕ್ಕೆ ಅಂಟುವ ಇಂಥ ಪ್ರತಿಕಾಯಗಳನ್ನು ಪ್ರಕಟಿಸಿದರು. ಅವರು ಗ್ರಾಹಕವನ್ನು ಸಂಗ್ರಹಿಸಿದ ಎಂ.ಸಿ.ಎಫ್.-೭ ಎಂಬ ಕೋಶಸಂತಾನವು ಸ್ತನಾರ್ಬುದದಿಂದ ತೀರಿಕೊಂಡ ಒಬ್ಬ ಕ್ರೈಸ್ತ ಸಂನ್ಯಾಸಿನಿಯ ದೇಹದಿಂದ ಬಂದುದು. ಪ್ರತಿಕಾಯವು ಅಂಟಿದ ಕಡೆ ಕಂದುಬಣ್ಣ ಏಳುವಂತೆ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಕೋಶಕೋಶವನ್ನೂ ಬೇರೆಬೇರೆಯಾಗಿ ನೋಡಬಹುದು. ಗ್ರಾಹಕವಿರುವುದು ಕೋಶದ ಕೇಂದ್ರದಲ್ಲಿಯೆಂಬುದೂ ೧೯೮೪ರಲ್ಲಿ ಹೀಗೆಯೇ ತಿಳಿಯಿತು.

ಆದರೂ ಹೆಪ್ಪುಗಟ್ಟಿಸಿದ ಅಂಗಾಂಶವೇ ಬೇಕೆಂಬ ನಿರ್ಬಂಧವು ಉಳಿದಿತ್ತು. ಫಾರ್ಮಲಿನ್ನಿನಲ್ಲಿ ನೆನಸಿ ಮೇಣದಲ್ಲಿ ಹುದುಗಿಸಿದ ಅಂಗಾಂಶದಲ್ಲಿ ಗ್ರಾಹಕದ ರೂಪವು ಮುಚ್ಚಿಹೋಗುತ್ತದೆ. ಅದರ ತೆಳುಪದರವನ್ನು ದ್ರವದಲ್ಲಿ ಕಾಯಿಸಿದರೆ ಆ ಮುಸುಕು ಸರಿಯುವುದೆಂದು ೧೯೯೧ರಲ್ಲಿ ತೋರಿಸಲಾಯಿತು. ಬಳಿಕ ೧-ಡಿ-೫ ಎಂಬಂಥ ಪ್ರತಿಕಾಯಗಳು ಮೇಣದ ಅಂಗಾಂಶದಲ್ಲಿಯೂ ಕೆಲಸಮಾಡಿದವು. ಮೇಣದ ಇಟ್ಟಿಗೆಗೆ ಹಿಮದ ಪೆಟ್ಟಿಗೆ ಬೇಡ. ಅದನ್ನು ಅಂಚೆಯಲ್ಲಿಯೂ ಕಳುಹಿಸಬಹುದು. ರೋಗಿಯಿದ್ದ ಊರಿಗೂ ಪ್ರಯೋಗಶಾಲೆಯಿದ್ದ ಊರಿಗೂ ನಡುವಣ ದೂರವು ಹೀಗೆ ಅಡ್ಡಿಯಾಗದೆ ಹೋಯಿತು.

೪

ಇಷ್ಟಾದರೂ 'ಇಲ್ಲ' ಎಂಬ ಉತ್ತರದ ತೊಡಕು ಬಗೆಹರಿಯಲಿಲ್ಲ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿರುವುದರಿಂದಲೇ ಗಡಿಗೆಯ ಅಭಾವವು ಸಿದ್ಧಿಸುವುದು. ಆದರೆ ಅದಕ್ಕೊಂದು ಕಟ್ಟುಂಟು: ಗಡಿಗೆಯಿದ್ದಿದ್ದರೆ ಕಾಣಲೇಬೇಕಾದ ಸ್ಥಿತಿಯಿರಬೇಕು. ಕತ್ತಲ ಕೋಣೆಯಲ್ಲಿ ಕಾಣದ ಗಡಿಗೆಯನ್ನು ಇಲ್ಲವೆನ್ನಲಾಗದು. ಯೋಗ್ಯಾನುಪಲಬ್ಧಿಯೇ ಪ್ರಮಾಣ, ಬರಿಯ ಅನುಪಲಬ್ಧಿಯಲ್ಲ.

ಈ ಪರೀಕ್ಷೆಯಲ್ಲಿಯೂ ನ್ಯಾಯ ಇದೇ. ಕತ್ತರಿಸಿದ ತುಣುಕನ್ನು ಹೊತ್ತುಮೀರಿ ಹಾಗೆಯೇ ಬಿಟ್ಟರೆ ಗ್ರಾಹಕವು ಕೆಡುತ್ತದೆ. ಆಗ ಪ್ರತಿಕಾಯಕ್ಕೆ ಅಂಟಲು ಏನೂ ಸಿಕ್ಕದು. ಆದುದರಿಂದಲೇ ಒಂದು ಗಂಟೆಯೊಳಗೆ ಅದನ್ನು ಫಾರ್ಮಲಿನ್ನಿಗೆ ಹಾಕಬೇಕೆಂದೂ, ೬ರಿಂದ ೭೨ ಗಂಟೆ ಅದರಲ್ಲಿರಿಸಬೇಕೆಂದೂ, ನೂರಕ್ಕೆ ಒಂದು ಕೋಶಕೇಂದ್ರವು ಬಣ್ಣ ತಳೆದರೂ ಗ್ರಾಹಕವುಂಟೆಂದು ಬರೆಯಬೇಕೆಂದೂ ೨೦೧೦ರಲ್ಲಿ ಅಮೇರಿಕದ ವೈದ್ಯಸಂಘಗಳು ಗೊತ್ತುಮಾಡಿದವು. ಅದೇ ತುಣುಕಿನಲ್ಲಿ ಆರೋಗ್ಯವಾದ ಹಾಲ್ನಾಳಗಳಿದ್ದರೆ ಅವುಗಳ ಕೆಲವು ಕೋಶಗಳಾದರೂ ಬಣ್ಣ ತಳೆಯಬೇಕು. ಅವೂ ತಳೆಯದಿದ್ದರೆ ಕೋಣೆಯಲ್ಲಿ ದೀಪವೇ ಇರಲಿಲ್ಲವೆಂದು ತಿಳಿಯತಕ್ಕದ್ದು.

ಇದು ಬರಿಯ ತರ್ಕದ ಮಾತಲ್ಲ. ಗ್ರಾಹಕವುಳ್ಳವರು ಟಮಾಕ್ಸಿಫೆನ್ ಗುಳಿಗೆಯನ್ನು ಸುಮಾರು ೫ ವರ್ಷ ಸೇವಿಸಿದರೆ ಈ ರೋಗದಿಂದಾಗುವ ಮರಣವು ೧೫ ವರ್ಷಗಳ ಅವಧಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ತಗ್ಗುವುದೆಂದು ೨೦೧೧ರಲ್ಲಿ ಪ್ರಕಟವಾದ ಬಹುದೇಶಗಳ ಸಮೀಕ್ಷೆಯಿಂದ ಸಿದ್ಧವಾಗಿದೆ. ಸುಳ್ಳು 'ಇಲ್ಲ'ವೊಂದು ಈ ಗುಳಿಗೆಯನ್ನು ರೋಗಿಯ ಕೈತಪ್ಪಿಸುವುದು.

೫

ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ, ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸಂಸ್ಥೆಯೂ, ಗದಗಿನಲ್ಲಿಯೇ ೨೦೧೫ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಆರಂಭವಾದವು. ಮುಂಡರಗಿಯಿಂದ ಗದಗಿಗೆ ಸುಮಾರು ೪೦ ಕಿಲೋಮೀಟರು, ಅಲ್ಲಿಂದ ಹುಬ್ಬಳ್ಳಿಗೆ ಸುಮಾರು ೬೦. ಮೇಣದ ಇಟ್ಟಿಗೆಗೆ ಇದು ದೂರವಲ್ಲ. ಆದರೆ ಆ ಮೊದಲ ಗಂಟೆಯು ಬೆಂಗಳೂರಿನ ಕೈಯಲ್ಲಿಲ್ಲ, ಹುಬ್ಬಳ್ಳಿಯ ಕೈಯಲ್ಲಿಯೂ ಇಲ್ಲ. ಗಂಟನ್ನು ಕತ್ತರಿಸಿದ ಊರಿನ ಕೈಯಲ್ಲಿದೆ. ಪರೀಕ್ಷೆಯನ್ನು ಊರೂರಿಗೆ ತಲುಪಿಸಿದ ಪ್ರತಿಕಾಯವು ಅದರ ಹೊಣೆಯನ್ನೂ ಜೊತೆಗೆ ತಂದಿದೆ.

ವರದಿಯ ಭಾಷೆಯ ವಿಷಯದಲ್ಲಿಯೂ ವಿದ್ವಾಂಸರು ಮಾಡಬಹುದಾದ ಕಾರ್ಯವೊಂದುಂಟು. ಕನ್ನಡದಲ್ಲಿ 'ಇಲ್ಲ' ಎಂಬುದು ಬೇರೆ, 'ಕಾಣಲಿಲ್ಲ' ಎಂಬುದು ಬೇರೆ. ದೀಪವಿದ್ದು ಕಾಣದಿದ್ದರೆ 'ಇಲ್ಲ'ವೆಂದೂ, ದೀಪದ ವಿಷಯ ಸಂದಿಗ್ಧವಾದರೆ 'ಕಾಣಲಿಲ್ಲ, ಮರಳಿ ನೋಡತಕ್ಕದ್ದು' ಎಂದೂ ಬರೆಯುವುದು ಯುಕ್ತ. ತಿರುಳ್ಗನ್ನಡದ ಸೀಮೆಯಲ್ಲಿ ಈ ಭೇದವನ್ನು ತಿಳಿಯಹೇಳುವುದು ಕಷ್ಟವಾಗಲಾರದು.