ಖಳನ ಸ್ಥಾನ ಮತ್ತು ರಷ್ಯನ್ನನ ವೇಷ: ಹಾಲಿವುಡ್ ಚಿತ್ರಗಳ ಒಂದು ಪಡಿಯಚ್ಚು

ಕಥೆಯೊಳಗಿನ ಖಳನನ್ನು ಒಬ್ಬ ವ್ಯಕ್ತಿಯಾಗಿ ನೋಡದೆ ಒಂದು ಸ್ಥಾನವಾಗಿ ನೋಡುವ ಕ್ರಮವನ್ನು ಜಾನಪದ ಅಧ್ಯಯನಕ್ಕೆ ಒದಗಿಸಿದವನು ರಷ್ಯಾದ ವಿದ್ವಾಂಸ ವ್ಲದಿಮಿರ್ ಪ್ರಾಪ್. 1928ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಅಫನಾಸ್ಯೆವ್ ಸಂಗ್ರಹದ ನೂರು ಕಿನ್ನರ ಕಥೆಗಳನ್ನು ವಿಶ್ಲೇಷಿಸಿ, ಅವುಗಳಲ್ಲಿ 31 ಕಾರ್ಯಗಳನ್ನೂ 7 ಪಾತ್ರವಲಯಗಳನ್ನೂ ಗುರುತಿಸಿದನು. ಕಾರ್ಯಗಳು ಸ್ಥಿರ, ಅವನ್ನು ನಡೆಸುವವರು ಮಾತ್ರ ಬದಲಾಗುತ್ತಾರೆ ಎಂಬುದು ಅವನ ಮುಖ್ಯ ಪ್ರಮೇಯ. ಕೇಡು ಮಾಡುವವನು ಒಂದು ಕಥೆಯಲ್ಲಿ ಘಟಸರ್ಪ, ಇನ್ನೊಂದರಲ್ಲಿ ಸಾವಿಲ್ಲದ ಕೊಶ್ಚೇಯ್, ಮತ್ತೊಂದರಲ್ಲಿ ಮಲತಾಯಿ, ಸ್ಥಾನ ಒಂದೇ. ಈ ಗ್ರಂಥದ ಇಂಗ್ಲಿಷ್ ಅನುವಾದ 1958ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಆ ಹೊತ್ತಿಗೆ ಅಮೆರಿಕದ ಜನಪ್ರಿಯ ಸಿನಿಮಾ ಖಳನ ಸ್ಥಾನಕ್ಕೆ ರಷ್ಯನ್ನನನ್ನೇ ಹುಡುಕಿಕೊಂಡಿತ್ತು. ಈ ಪಡಿಯಚ್ಚು ರೂಪುಗೊಂಡ ಬಗೆಯನ್ನೂ ಅದು ಮರೆಮಾಡುವ ಸಂಗತಿಗಳನ್ನೂ ಪ್ರಾಪನ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪಡಿಯಚ್ಚು ಶೀತಲ ಸಮರದ ಸೃಷ್ಟಿಯೆಂಬ ಸಾಮಾನ್ಯ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪಲಾಗದು. ಅದಕ್ಕೆ ಸಾಕ್ಷಿ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ 1924ರಲ್ಲಿ ತೆಗೆದ ಮಿಸ್ಟರ್ ವೆಸ್ಟ್‌ನ ಸಾಹಸಗಳ ಮೂಕಿಚಿತ್ರ. ಅಮೆರಿಕದ ಪತ್ರಿಕೆಗಳಲ್ಲಿ ಬೋಲ್ಷೆವಿಕರ ಕ್ರೂರ ಚಿತ್ರಗಳನ್ನು ಕಂಡು ಹೆದರಿದ ವೆಸ್ಟ್ ಮಾಸ್ಕೋಗೆ ಬರುತ್ತಾನೆ. ಅಲ್ಲಿಯ ಠಕ್ಕರ ಗುಂಪೊಂದು ಅವನ ಕಲ್ಪನೆಯಲ್ಲಿದ್ದ ಬೋಲ್ಷೆವಿಕನ ವೇಷವನ್ನೇ ತೊಟ್ಟು, ಅವನನ್ನು ಬೆದರಿಸಿ ಡಾಲರುಗಳನ್ನು ಕಸಿಯುತ್ತದೆ. ನೋಡುವವನ ತಲೆಯಲ್ಲಿ ಮೊದಲೇ ಸಿದ್ಧವಾಗಿರುವ ರೂಪವನ್ನು ತೊಟ್ಟುಕೊಂಡರೆ ಸಾಕು, ಅವನು ನಂಬುತ್ತಾನೆ ಎಂಬುದು ಈ ನಗೆಚಿತ್ರದ ತಿರುಳು. ಪಡಿಯಚ್ಚಿನ ಬಗ್ಗೆ ಇಷ್ಟು ಸ್ಪಷ್ಟವಾದ ವ್ಯಾಖ್ಯಾನ ಅನೇಕ ಸಿದ್ಧಾಂತ ಗ್ರಂಥಗಳಲ್ಲಿಯೂ ದೊರೆಯುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಮಿತ್ರಪಕ್ಷವಾದಾಗ ವೇಷ ಒಮ್ಮೆಲೇ ಬದಲಾಯಿತು. ‘ಮಿಷನ್ ಟು ಮಾಸ್ಕೋ’ (1943), ‘ದಿ ನಾರ್ತ್ ಸ್ಟಾರ್’ (1943), ‘ಸಾಂಗ್ ಆಫ್ ರಷ್ಯಾ’ (1944) ಎಂಬ ಚಿತ್ರಗಳಲ್ಲಿ ಸೋವಿಯತ್ ಜನ ಹಾಡುವ, ದುಡಿಯುವ, ನಾಜಿಗಳಿಗೆ ಎದೆಯೊಡ್ಡುವ ಸಜ್ಜನರಾದರು. ಸ್ಟಾಲಿನ್ ಆಳ್ವಿಕೆಯ ಕ್ರೌರ್ಯವನ್ನು ಮುಚ್ಚಿಟ್ಟ ಈ ಚಿತ್ರಗಳೂ ಒಂದು ಬಗೆಯ ಪಡಿಯಚ್ಚುಗಳೇ. ಯುದ್ಧ ಮುಗಿದ ಎರಡೇ ವರ್ಷಗಳಲ್ಲಿ, ಅಕ್ಟೋಬರ್ 1947ರಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್ಡಿನ ಕಮ್ಯುನಿಸ್ಟ್ ಪ್ರಭಾವದ ವಿಚಾರಣೆ ನಡೆಸಿತು. ಅಲ್ಲಿ ಸಾಕ್ಷ್ಯ ನುಡಿದ ಲೇಖಕಿ ಐನ್ ರ‍್ಯಾಂಡ್, ‘ಸಾಂಗ್ ಆಫ್ ರಷ್ಯಾ’ದಲ್ಲಿ ರಷ್ಯನ್ನರು ನಗುನಗುತ್ತ ಸುಖವಾಗಿರುವಂತೆ ತೋರಿಸಿದ್ದನ್ನು ಆಕ್ಷೇಪಿಸಿದಳು. ಆಕೆ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಪ್ರಾಪ್ ಹುಟ್ಟಿದ ನಗರವೂ ಅದೇ. ವಿಚಾರಣೆಯ ಮರುವರ್ಷ, 1948ರಲ್ಲಿ, ಲೆನಿನ್‌ಗ್ರಾಡ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ನಗರದಲ್ಲಿ ಪ್ರಾಪ್‌ನ 1946ರ ಗ್ರಂಥ ಖಂಡನೆಗೆ ಗುರಿಯಾಯಿತು. ಪಾಶ್ಚಾತ್ಯ ವಿದ್ವಾಂಸರನ್ನು ಆಧರಿಸಿದ್ದೇ ಅವನ ಮೇಲೆ ಹೊರಿಸಿದ ಅಪರಾಧ. ವಾಷಿಂಗ್ಟನ್ನಿನಲ್ಲಿ ನಗುವ ರಷ್ಯನ್ ದೋಷಿಯಾದರೆ, ಲೆನಿನ್‌ಗ್ರಾಡಿನಲ್ಲಿ ಹೊರಗಿನ ಪುಸ್ತಕ ಓದಿದ ರಷ್ಯನ್ ದೋಷಿಯಾದ. ಖಳನ ಸ್ಥಾನಕ್ಕೆ ಜನರನ್ನು ಹುಡುಕುವ ಕೆಲಸ ಎರಡೂ ಕಡೆ ನಡೆದಿತ್ತು.

‘ದಿ ನಾರ್ತ್ ಸ್ಟಾರ್’ ಚಿತ್ರದ ಮುಂದಿನ ಗತಿ ಇನ್ನೂ ಗಮನಾರ್ಹವಾದುದು. 1957ರಲ್ಲಿ ಆ ಚಿತ್ರವನ್ನು ಕತ್ತರಿಸಿ, ಸೋವಿಯತ್ ಹೊಗಳಿಕೆಯ ಭಾಗಗಳನ್ನು ತೆಗೆದು, ಕಮ್ಯುನಿಸಮ್ಮನ್ನು ಖಂಡಿಸುವ ನಿರೂಪಣೆಯನ್ನು ಸೇರಿಸಿ ‘ಆರ್ಮರ್ಡ್ ಅಟ್ಯಾಕ್’ ಎಂಬ ಹೊಸ ಹೆಸರಿನಲ್ಲಿ ಪ್ರಸಾರಕ್ಕೆ ತರಲಾಯಿತು. ನಟರು ಅವರೇ, ಹಳ್ಳಿ ಅದೇ, ಅರ್ಥ ಮಾತ್ರ ತಿರುಗುಮುರುಗು. ಜನಪದ ಕಥೆಗಾರ ಊರಿಂದೂರಿಗೆ ಕಥೆಯ ವಿವರ ಬದಲಿಸುವುದನ್ನು ಪಾಠಾಂತರವೆನ್ನುತ್ತೇವೆ. ಇಲ್ಲಿ ಕತ್ತರಿಯಿಂದ ಮಾಡಿದ ಪಾಠಾಂತರವಿದೆ. ಮೂಲ ಚಿತ್ರದ ಆ ಹಳ್ಳಿ ರಷ್ಯಾದ್ದಲ್ಲ, ಉಕ್ರೇನಿನದು ಎಂಬುದನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಅನಂತರದ ದಶಕಗಳಲ್ಲಿ ವೇಷ ಗಟ್ಟಿಯಾಯಿತು. ಇಯಾನ್ ಫ್ಲೆಮಿಂಗ್‌ನ ‘ಫ್ರಮ್ ರಷ್ಯಾ ವಿತ್ ಲವ್’ ಕಾದಂಬರಿಯಲ್ಲಿ (1957) ಖಳರು ಸೋವಿಯತ್ ಗುಪ್ತಚರ ಸಂಸ್ಥೆಯವರು. 1963ರ ಚಿತ್ರದಲ್ಲಿ ಆ ಸ್ಥಾನಕ್ಕೆ ‘ಸ್ಪೆಕ್ಟರ್’ ಎಂಬ ಕಲ್ಪಿತ ಕೂಟ ಬಂದಿತು. ಕಥೆಗೆ ಇದರಿಂದ ಯಾವ ಧಕ್ಕೆಯೂ ಆಗಲಿಲ್ಲ. ಪ್ರಾಪ್‌ನ ಪ್ರಮೇಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೂ ನೋಡುಗರ ನೆನಪಿನಲ್ಲಿ ಉಳಿದವಳು ಬೂಟಿನ ತುದಿಯಲ್ಲಿ ವಿಷದ ಅಲಗನ್ನು ಅಡಗಿಸಿಟ್ಟ ರೋಜಾ ಕ್ಲೆಬ್ ಎಂಬ ರಷ್ಯನ್ ಮುದುಕಿಯೇ. ಆ ಪಾತ್ರ ಮಾಡಿದವಳು ಆಸ್ಟ್ರಿಯಾ ಮೂಲದ ಲೊಟ್ಟೆ ಲೆನ್ಯಾ. ‘ರಾಕಿ 4’ (1985) ಚಿತ್ರದ ಯಂತ್ರದಂತಹ ಮುಷ್ಟಿಕಾಳಗದ ಪಟು ಇವಾನ್ ಡ್ರಾಗೊ ಸ್ವೀಡನ್ನಿನ ನಟ. ‘ರ‍್ಯಾಂಬೊ’ ಎರಡನೆಯ ಭಾಗದ (1985) ಸೋವಿಯತ್ ಅಧಿಕಾರಿ ಇಂಗ್ಲಿಷ್ ನಟ. ‘ಏರ್ ಫೋರ್ಸ್ ಒನ್’ (1997) ಚಿತ್ರದ ಅಪಹರಣಕಾರನೂ ಇಂಗ್ಲಿಷಿನವನೇ. ಉಚ್ಚಾರಣೆಯ ಒತ್ತು, ಬಿಗಿದ ಮುಖ, ಸಮವಸ್ತ್ರ ಇಷ್ಟಿದ್ದರೆ ರಷ್ಯನ್ ಸಿದ್ಧ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದೊಡನೆ ರಾಕ್ಷಸನೆಂದು ತಿಳಿಯುವುದಲ್ಲವೇ? ವ್ಯತ್ಯಾಸವೆಂದರೆ, ಬಣ್ಣದ ವೇಷದ ರಾಕ್ಷಸ ಈ ಲೋಕದ ಯಾವ ದೇಶದ ಪ್ರಜೆಯೂ ಅಲ್ಲ.

ಅಪವಾದಗಳೂ ಇವೆ. ಬಾಂಡ್ ಚಿತ್ರಗಳ ಜನರಲ್ ಗೊಗೊಲ್ ವಿವೇಕಿ. ‘ದಿ ಲಿವಿಂಗ್ ಡೇಲೈಟ್ಸ್’ (1987) ಚಿತ್ರದ ಜನರಲ್ ಪುಷ್ಕಿನ್ ಕೂಡ ಅಂತಹವನೇ. ಒಳ್ಳೆಯ ರಷ್ಯನ್ನರಿಗೆ ಸಾಹಿತಿಗಳ ಹೆಸರನ್ನೇ ಇಟ್ಟದ್ದನ್ನು ನೋಡಿದರೆ ಚಿತ್ರಕಥೆಗಾರರಿಗೆ ಬೇರೆ ರಷ್ಯನ್ ಹೆಸರುಗಳು ಹೆಚ್ಚು ತಿಳಿದಿರಲಿಲ್ಲವೇನೋ ಎನ್ನಿಸುತ್ತದೆ. ಭಾಗಶಃ ಉದಯಪುರದಲ್ಲಿ ಚಿತ್ರಿತವಾದ ‘ಆಕ್ಟೋಪಸಿ’ (1983) ಭಾರತೀಯ ನೋಡುಗರಿಗೆ ವಿಶೇಷವಾದ ಪರೀಕ್ಷೆ. ಅದರ ಪೇಟೆಯ ದೃಶ್ಯದ ಮೊಳೆಹಾಸಿಗೆ, ಕತ್ತಿ ನುಂಗುವವರನ್ನು ಕಂಡು ಇದು ನಮ್ಮ ದೇಶವಲ್ಲವೆಂದು ಥಟ್ಟನೆ ಹೇಳುವ ನಾವು, ಅದೇ ಚಿತ್ರದ ಯುದ್ಧೋನ್ಮಾದಿ ಜನರಲ್ ಓರ್ಲೋವ್‌ನನ್ನು ಮಾತ್ರ ಪ್ರಶ್ನೆಯಿಲ್ಲದೆ ಒಪ್ಪುತ್ತೇವೆ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಸಮವಸ್ತ್ರ ಕಳಚಿ ಮಾಫಿಯಾ ಕೋಟು ಬಂದಿತು. ‘ಜಾನ್ ವಿಕ್’ (2014) ಚಿತ್ರದ ರಷ್ಯನ್ ಪಾತಕಿಗಳು ಹಂತಕ ನಾಯಕನನ್ನು ‘ಬಾಬಾ ಯಾಗಾ’ ಎನ್ನುತ್ತಾರೆ. ಜನಪದ ಕಥೆಯ ಬಾಬಾ ಯಾಗಾ ಕೋಳಿಕಾಲಿನ ಗುಡಿಸಲಿನಲ್ಲಿರುವ ಮುದುಕಿ. ಒಂದು ಕಥೆಯಲ್ಲಿ ಮಕ್ಕಳನ್ನು ತಿನ್ನುವವಳು, ಇನ್ನೊಂದರಲ್ಲಿ ನಾಯಕನನ್ನು ಪರೀಕ್ಷಿಸಿ ಮಾಯಾವಸ್ತು ಕೊಡುವ ದಾನಿ. ಈ ಇಬ್ಬಗೆಯನ್ನು ಪ್ರಾಪ್ ವಿಸ್ತಾರವಾಗಿ ಚರ್ಚಿಸಿದ್ದಾನೆ. ರಷ್ಯನ್ ಜನಪದರು ತಮ್ಮ ಮಾಟಗಾತಿಗೂ ಕೊಟ್ಟ ಈ ಅವಕಾಶವನ್ನು ಹಾಲಿವುಡ್ ಅವರಿಗೆ ಅಪರೂಪಕ್ಕೂ ಕೊಡಲಿಲ್ಲವೆಂದರೆ ಉತ್ಪ್ರೇಕ್ಷೆಯಾಗಲಾರದು. ಇನ್ನು ಸ್ಥಾನದ ಸ್ಥಿರತೆಗೆ ‘ರೆಡ್ ಡಾನ್’ ಸಾಕ್ಷಿ. 1984ರ ಮೂಲದಲ್ಲಿ ದಾಳಿಕೋರರು ಸೋವಿಯತ್ ಮತ್ತು ಕ್ಯೂಬಾದ ಸೈನಿಕರು. 2012ರ ಮರುಸೃಷ್ಟಿಯಲ್ಲಿ ಚೀನೀಯರೆಂದು ಚಿತ್ರೀಕರಿಸಿದವರನ್ನು ಆಮೇಲೆ ಗಣಕಯಂತ್ರದ ನೆರವಿನಿಂದ ಬಾವುಟ, ಲಾಂಛನ ತಿದ್ದಿ ಉತ್ತರ ಕೊರಿಯಾದವರನ್ನಾಗಿಸಲಾಯಿತು.

ಸೋವಿಯತ್ ಪ್ರಭುತ್ವ ನಿಜವಾಗಿಯೂ ಕ್ರೂರವಾಗಿರಲಿಲ್ಲವೇ, ಹಾಗಿರುವಾಗ ಖಳನನ್ನು ಖಳನೆಂದರೆ ತಪ್ಪೇನು ಎಂಬ ವಾದವಿದೆ. ಆದರೆ ಗುಲಾಗ್ ಶಿಬಿರಗಳು, 1956ರ ಬುಡಾಪೆಸ್ಟ್, 1968ರ ಪ್ರಾಗ್ ಈ ಸಾಹಸಚಿತ್ರಗಳ ಕಥಾವಸ್ತುವಾದದ್ದು ವಿರಳ. ಅವುಗಳ ಖಳ ಮಾಡುವುದು ಕಿನ್ನರ ಕಥೆಯ ಅಪರಾಧವನ್ನು: ಮಾಯಾವಸ್ತುವಿನಂತಹ ಅಸ್ತ್ರದ ಕಳವು, ಅಧ್ಯಕ್ಷನ ಹೆಂಡತಿ ಮಗಳ ಸೆರೆ. ನಿಜವಾದ ಕೇಡಿಗೆ ಅಧಿಕಾರಸ್ಥರು, ಆದೇಶಗಳು, ದಿನಾಂಕಗಳು ಇರುತ್ತವೆ. ಪಡಿಯಚ್ಚಿನ ಕೇಡಿಗೆ ಇರುವುದು ಜನಾಂಗ ಮಾತ್ರ. ಪ್ರಭುತ್ವದ ಹೊಣೆ ಜನರ ಸ್ವಭಾವವಾಗಿ ಬದಲಾಗುವುದು ಹೀಗೆ. ಜೊತೆಗೆ ಸೋವಿಯತ್ ಒಕ್ಕೂಟದ ಉಕ್ರೇನಿಯನ್, ಜಾರ್ಜಿಯನ್, ಕಜಕ್ ಜನರೆಲ್ಲ ‘ರಷ್ಯನ್’ ಎಂಬ ಒಂದೇ ಮುಖವಾಡದಲ್ಲಿ ಕರಗಿಹೋದರು.

ರಷ್ಯಾದ ಜನಪ್ರಿಯ ಸಿನಿಮಾ ಇದೇ ಅಚ್ಚನ್ನು ತಿರುಗಿಸಿ ಬಳಸಿತು. ಅಲೆಕ್ಸೇಯ್ ಬಲಬಾನೋವ್ 2000ದಲ್ಲಿ ನಿರ್ದೇಶಿಸಿದ ‘ಬ್ರಾತ್ 2’ ಅಲ್ಲಿ ಅಪಾರ ಜನಪ್ರಿಯವಾಯಿತು. ಅದರ ನಾಯಕ ಅಮೆರಿಕಕ್ಕೆ ಹೋಗಿ ಅಲ್ಲಿಯ ವ್ಯಾಪಾರಿ ಖಳನಿಗೆ ನ್ಯಾಯ ಕಲಿಸುತ್ತಾನೆ. ಷಿಕಾಗೊದಲ್ಲಿ ಅವನಿಗೂ ಅವನ ಅಣ್ಣನಿಗೂ ಎದುರಾಗಿ ಗುಂಡೇಟಿಗೆ ಬೀಳುವವರಲ್ಲಿ ಉಕ್ರೇನಿಯನ್ ಮಾಫಿಯಾದವರಿದ್ದಾರೆ. 1943ರಲ್ಲಿ ಹಾಲಿವುಡ್ ‘ರಷ್ಯನ್’ ಎಂದು ಹಾಡಿಸಿದ ಹಳ್ಳಿಗರ ಜನಾಂಗಕ್ಕೆ ತನ್ನ ಹೆಸರಿನಲ್ಲಿಯೇ ತೆರೆಯ ಮೇಲೆ ದೊರೆತ ಸ್ಥಾನ ಇದು. 2022ರ ಫೆಬ್ರುವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ನಡೆಸುವುದಕ್ಕೆ 22 ವರ್ಷ ಮೊದಲೇ ಆ ಪಾತ್ರಹಂಚಿಕೆ ಚಿತ್ರಮಂದಿರದಲ್ಲಿ ನಡೆದಿತ್ತು.