ಲೋಣಾವಳಾದ ನೀರು ಮತ್ತು ನಾಡಿನ ಪ್ರತಿನಿಧಿ

ಮುಂಬಯಿಯಿಂದ ಬೋರ್ ಘಾಟ್ ಹತ್ತಿ ಪುಣೆಯತ್ತ ಹೋಗುವವರಿಗೆ ಲೋಣಾವಳಾ ಎಂದರೆ ಮಳೆ, ಮಂಜು ಮತ್ತು ಚಿಕ್ಕಿ. ಇತಿಹಾಸದ ಆಸಕ್ತಿಯುಳ್ಳವರು ಕಾರ್ಲಾ, ಭಾಜಾ ಗುಹೆಗಳನ್ನು ನೋಡಿ ಮುಂದೆ ಸಾಗುತ್ತಾರೆ. ಆದರೆ ಆ ಊರಿನ ಆಸುಪಾಸಿನಲ್ಲಿರುವ ಲೋಣಾವಳಾ, ವಲವಣ ಮತ್ತು ಶಿರೋತಾ ಎಂಬ ಮೂರು ಜಲಾಶಯಗಳ ಕತೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಶುದ್ಧ ಇಂಧನದ ಅಂತರರಾಷ್ಟ್ರೀಯ ಸಂಶೋಧನೆಯಲ್ಲಿ ದೇಶವನ್ನು ಪ್ರತಿನಿಧಿಸಲು ಉದ್ಯಮದ ತಜ್ಞರನ್ನು ನೇಮಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಈ ಕಾಲದ ಪ್ರಶ್ನೆಗೆ ಆ ನೀರಿನ ಕತೆಯಲ್ಲಿ ಒಂದು ಹಳೆಯ ಉತ್ತರವಿದೆ.

ಪ್ರಶ್ನೆಯ ಇಂದಿನ ರೂಪವನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ ಸೌರಶಕ್ತಿ, ಪವನಶಕ್ತಿ, ಜಲವಿದ್ಯುತ್ತು, ಜೈವಿಕ ಇಂಧನ ಮೊದಲಾದ ವಿಷಯಗಳಿಗೆ ಪ್ರತ್ಯೇಕ ಸಹಯೋಗ ಕಾರ್ಯಕ್ರಮಗಳಿವೆ. ಅವುಗಳಲ್ಲಿ ಸರ್ಕಾರವೇ ಭಾಗಿಯಾಗಬಹುದು. ಇಲ್ಲವೇ ತನ್ನ ಪರವಾಗಿ ಒಂದು ಪ್ರಯೋಗಾಲಯವನ್ನೋ ಕಂಪನಿಯನ್ನೋ ಗೊತ್ತುಪಡಿಸಬಹುದು. ಭಾರತವು 2017ರಲ್ಲಿ ಆ ಸಂಸ್ಥೆಯ ಸಹವರ್ತಿ ರಾಷ್ಟ್ರವಾಯಿತು. ಅದಕ್ಕೂ ಮೊದಲು, 2015ರಲ್ಲಿ, ಪ್ಯಾರಿಸ್ಸಿನಲ್ಲಿ ‘ಮಿಷನ್ ಇನೊವೇಶನ್’ ಆರಂಭವಾದಾಗಲೂ ಭಾರತ ಅದರ ಸ್ಥಾಪಕ ಸದಸ್ಯರಲ್ಲಿ ಒಂದಾಗಿತ್ತು. ಇಂಥ ಮೇಜುಗಳ ಸುತ್ತ ಕುಳಿತವರ ಮಾತು ಮುಂದೆ ಯಾವ ತಂತ್ರಜ್ಞಾನಕ್ಕೆ ಹಣ ಹರಿಯುತ್ತದೆ, ಯಾವ ಕಣಿವೆಗೆ ಯೋಜನೆ ಬರುತ್ತದೆ ಎಂಬುದನ್ನು ನಿಶ್ಚಯಿಸಬಲ್ಲದು.

ನಮ್ಮ ನಾಡಿನಲ್ಲಿ ಇದಕ್ಕೊಂದು ಪೂರ್ವಕಥೆಯಿದೆ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ತೆಗೆಯುವ ಆಲೋಚನೆ ಗಟ್ಟಿಯಾದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು 1899ರಲ್ಲಿ ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್ ಅವರನ್ನು ಯೂರೋಪು ಮತ್ತು ಅಮೆರಿಕಗಳಿಗೆ ಕಳುಹಿಸಿತು. ನಯಾಗರಾದಲ್ಲಿ ದೊಡ್ಡ ಪ್ರಮಾಣದ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ ಆಗಿನ್ನೂ ನಾಲ್ಕು ವರ್ಷ. ಕೆನಡಾದಲ್ಲಿ ಹುಟ್ಟಿದ, ಬ್ರಿಟಿಷ್ ಸೇನೆಯ ಈ ಎಂಜಿನಿಯರ್ ಯಂತ್ರ ಮಾರುವವರ ಆಳಾಗಿ ಹೋಗಲಿಲ್ಲ; ಮೈಸೂರಿನ ಪ್ರಶ್ನೆಯನ್ನು ಹೊತ್ತು ಹೋದರು. ಕಾವೇರಿಯ ಇಷ್ಟು ನೀರಿನಿಂದ ಎಷ್ಟು ಶಕ್ತಿ ಬಂದೀತು, ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಸಾಗಿಸಲಾದೀತೆ ಎಂಬುದೇ ಆ ಪ್ರಶ್ನೆ. ಅಷ್ಟು ಉದ್ದದ ತಂತಿಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುಜ್ಜನಕಗಳು, ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯ ಟರ್ಬೈನುಗಳು ಕಾವೇರಿಯ ದಡಕ್ಕೆ ಬಂದವು. 1902ರ ಜೂನ್ ತಿಂಗಳಿನಲ್ಲಿ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು.

ಇದೇ ಅನುಭವ ಸಹ್ಯಾದ್ರಿಯ ಉತ್ತರ ಭಾಗಕ್ಕೆ ದಾಟಿದ ಬಗೆ ಕುತೂಹಲಕರವಾದುದು. ಮುಂಬಯಿಯ ಹತ್ತಿಗಿರಣಿಗಳು ಅಂದು ದೂರದಿಂದ ತರಿಸಿದ ಕಲ್ಲಿದ್ದಲನ್ನು ಸುಡುತ್ತಿದ್ದವು. ನಗರದ ಆಕಾಶ ಹೊಗೆಯಿಂದ ಕಪ್ಪಾಗುತ್ತಿತ್ತು. ಘಟ್ಟದ ಮಳೆನೀರನ್ನು ಬಳಸುವ ಕಲ್ಪನೆಯನ್ನು ವಾಸ್ತುಶಿಲ್ಪಿ ಡೇವಿಡ್ ಗಾಸ್ಲಿಂಗ್ ಮುಂದಿಟ್ಟರು, ಜಮ್‌ಶೇಟ್‌ಜಿ ಟಾಟಾ ಅದನ್ನು ಬೆಂಬಲಿಸಿದರು. 1904ರಲ್ಲಿ ಜಮ್‌ಶೇಟ್‌ಜಿ ತೀರಿಕೊಂಡ ಮೇಲೆ ಮಗ ದೊರಾಬ್‌ಜಿಯವರ ಕಾಲದಲ್ಲಿ, 1910ರಲ್ಲಿ, ಟಾಟಾ ಜಲವಿದ್ಯುತ್ ಕಂಪನಿ ಸ್ಥಾಪನೆಯಾಯಿತು. 1911ರಲ್ಲಿ ಲೋಣಾವಳಾದಲ್ಲಿ ಅಡಿಗಲ್ಲು ಬಿದ್ದು, 1915ರಲ್ಲಿ ಖೋಪೋಲಿಯಿಂದ ಮುಂಬಯಿಗೆ ವಿದ್ಯುತ್ತು ಹೋಯಿತು. ಶಿವನಸಮುದ್ರದ ಯೋಜನೆಯಲ್ಲಿ ದುಡಿದು ಮೈಸೂರಿನ ಮುಖ್ಯ ವಿದ್ಯುತ್ ಎಂಜಿನಿಯರ್ ಆಗಿದ್ದ ಅಮೆರಿಕದ ಎಚ್. ಪಿ. ಗಿಬ್ಸ್ ಅವರೇ ಮುಂದೆ ಈ ಕಂಪನಿಯ ಜನರಲ್ ಮ್ಯಾನೇಜರ್ ಆದರು. ಹೀಗೆ ಸಂಸ್ಥಾನವೊಂದರ ಖರ್ಚಿನಲ್ಲಿ ಬೆಳೆದ ಜ್ಞಾನ ಖಾಸಗಿ ಉದ್ಯಮದ ಕೈಗೆ ಬಂತು. ಉದ್ಯಮವೂ ಅದನ್ನು ವ್ಯರ್ಥ ಮಾಡಲಿಲ್ಲ. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳಿಗೆ ಹಿಡಿದಿಡುವುದು, ಐನೂರು ಮೀಟರಿಗೂ ಮಿಕ್ಕಿದ ಎತ್ತರದಿಂದ ಕೊಳವೆಗಳಲ್ಲಿ ನೀರನ್ನು ಇಳಿಸುವುದು ಆ ಕಾಲಕ್ಕೆ ಸಾಮಾನ್ಯ ಸಾಹಸವಲ್ಲ. ಇಂಥ ಕೆಲಸವನ್ನು ಕೈಯಾರೆ ಮಾಡಿದವನಿಗಿರುವ ತಿಳಿವು ಕಚೇರಿಯ ಕಡತದಲ್ಲಿ ಸಿಗುವಂಥದಲ್ಲ. ಉದ್ಯಮದ ತಜ್ಞರನ್ನು ದೇಶದ ಪರವಾಗಿ ಕಳುಹಿಸಬೇಕೆನ್ನುವವರ ವಾದದಲ್ಲಿ ಈ ಸತ್ಯವಿದೆ. ಅದನ್ನು ನಾವು ಒಪ್ಪಲೇಬೇಕು.

ಆದರೆ ಆ ನೀರು ಎಲ್ಲಿಯದು? ಲೋಣಾವಳಾದ ನೆತ್ತಿಯ ಮೇಲೆ ಬಿದ್ದ ಮಳೆ ಸಹಜವಾಗಿ ಪೂರ್ವಕ್ಕೆ ಹರಿದು ಇಂದ್ರಾಯಣಿಯನ್ನು, ಅಲ್ಲಿಂದ ಭೀಮೆಯನ್ನು ಸೇರಬೇಕಾದದ್ದು. ಭೀಮೆ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿಗಳ ಒಣನೆಲವನ್ನು ಹಾದು ಕೃಷ್ಣೆಗೆ ಕೂಡುವ ನದಿ. ಟಾಟಾ ಯೋಜನೆ ಆ ನೀರಿನ ಒಂದು ಪಾಲನ್ನು ಪಶ್ಚಿಮಕ್ಕೆ ತಿರುಗಿಸಿ ಅರಬ್ಬಿ ಕಡಲಿನತ್ತ ಇಳಿಸಿತು. ಕೃಷ್ಣಾ ಜಲವಿವಾದವನ್ನು ವಿಚಾರಿಸಿದ ಬಚಾವತ್ ನ್ಯಾಯಮಂಡಳಿ ಈ ತಿರುವಿಗೆ ಮಿತಿ ಹಾಕಬೇಕಾಯಿತು. ಯೋಜನೆ ರೂಪುಗೊಂಡಾಗ ಭೀಮಾ ತೀರದ ರೈತನ ಪರವಾಗಿ ಮಾತಾಡುವವರು ಯಾರೂ ಆ ಮೇಜಿನ ಬಳಿ ಇರಲಿಲ್ಲ.

ಇನ್ನೂ ಹತ್ತಿರದವರೇ ಇರಲಿಲ್ಲ ಎಂಬುದು ಮುಳಶಿಯಲ್ಲಿ ಬಯಲಾಯಿತು. ಲೋಣಾವಳಾದ ದಕ್ಷಿಣಕ್ಕೆ ನೀಲಾ ಮತ್ತು ಮುಳಾ ನದಿಗಳ ಕಣಿವೆಯಲ್ಲಿ ಟಾಟಾದವರು ಇನ್ನೊಂದು ಅಣೆಕಟ್ಟು ಕಟ್ಟಲು ಹೊರಟಾಗ, 1894ರ ಭೂಸ್ವಾಧೀನ ಕಾಯಿದೆಯಡಿ ಸರ್ಕಾರವೇ ಕಂಪನಿಗಾಗಿ ಮಾವಳರ ಭತ್ತದ ಗದ್ದೆಗಳನ್ನು ವಶಪಡಿಸಿಕೊಂಡಿತು. 1921ರ ಏಪ್ರಿಲ್‌ನಲ್ಲಿ ರೈತರು ಅಣೆಕಟ್ಟಿನ ಕೆಲಸದ ಸ್ಥಳದಲ್ಲಿ ಸತ್ಯಾಗ್ರಹಕ್ಕೆ ಕುಳಿತರು. ಅವರ ನಾಯಕ ಪಾಂಡುರಂಗ ಮಹಾದೇವ ಬಾಪಟ್. ‘ಸೇನಾಪತಿ’ ಎಂಬ ಹೆಸರು ಅವರಿಗೆ ಬಂದದ್ದು ಈ ಹೋರಾಟದಿಂದ. ಬಾಪಟರು ಕೂಡ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ಎಂಜಿನಿಯರಿಂಗ್ ಕಲಿಯಲು ಹೋದವರು. ಲೋಟ್‌ಬಿನಿಯರ್ ನಾಡಿನ ಪ್ರಶ್ನೆಯನ್ನು ಕಡಲಾಚೆಗೆ ಒಯ್ದರೆ, ಬಾಪಟರು ಕಡಲಾಚೆಯಿಂದ ಮರಳಿ ಮುಳುಗುವವರ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸತ್ಯಾಗ್ರಹ 1924ರ ಹೊತ್ತಿಗೆ ಮುರಿದುಬಿತ್ತು; ಅವರು ಸೆರೆಮನೆಗೆ ಹೋದರು; ಅಣೆಕಟ್ಟು ಎದ್ದಿತು.

ಅದೇ 1924ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮೊದಲ ವಿಶ್ವಶಕ್ತಿ ಸಮ್ಮೇಳನ ನೆರೆಯಿತು. ಅದನ್ನು ಸಂಘಟಿಸಿದ ಡೇನಿಯಲ್ ಡನ್‌ಲಪ್ ಬ್ರಿಟನ್ನಿನ ವಿದ್ಯುತ್ ಯಂತ್ರ ತಯಾರಕರ ಸಂಘದ ಮುಖ್ಯಸ್ಥರು. ಯುದ್ಧದಿಂದ ಒಡೆದ ರಾಷ್ಟ್ರಗಳನ್ನು ಶಕ್ತಿಯ ಜ್ಞಾನ ಒಗ್ಗೂಡಿಸಬಲ್ಲದು ಎಂದು ನಂಬಿದ್ದ ಆತನ ಆಶಯ ದೊಡ್ಡದೇ. ಆದರೂ ಅಲ್ಲಿ ಕುಳಿತದ್ದು ಸರ್ಕಾರ, ಉದ್ಯಮ ಮತ್ತು ಎಂಜಿನಿಯರು. ಮುಳಶಿಯಂಥ ಕಣಿವೆಗಳಿಗೆ ಅಲ್ಲಿ ಪೀಠವಿರಲಿಲ್ಲ. ಅಂದು ರೂಢಿಯಾದ ಆ ಕೂಟದ ಸ್ವರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ.

ಇದು ಮುಗಿದ ಕತೆಯೂ ಅಲ್ಲ. 2023ರ ಆಗಸ್ಟಿನಲ್ಲಿ ಟಾಟಾ ಪವರ್ ಕಂಪನಿಯು ಶಿರೋತಾದಲ್ಲಿ 1,800 ಮತ್ತು ಭಿವಪುರಿಯಲ್ಲಿ 1,000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಗಳಿಗಾಗಿ ಮಹಾರಾಷ್ಟ್ರ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಬಿಸಿಲಿನ ಹೊತ್ತಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗಿಳಿಸಿ ವಿದ್ಯುತ್ತು ಪಡೆಯುವ ಈ ವಿಧಾನ ಇಂದು ಜಗತ್ತಿನ ಶುದ್ಧ ಇಂಧನ ಚರ್ಚೆಯ ಮುಂಚೂಣಿಯಲ್ಲಿದೆ. ನಮ್ಮ ಶರಾವತಿ ಕಣಿವೆಯಲ್ಲಿ ಇಂಥದೇ 2,000 ಮೆಗಾವ್ಯಾಟ್ ಯೋಜನೆ ಸಿಂಗಳೀಕಗಳ ಕಾಡಿನ ಕಾರಣದಿಂದ ವಿವಾದದಲ್ಲಿದೆ. ಲಿಂಗನಮಕ್ಕಿಯ ಮುಳುಗಡೆಯನ್ನು ಕಂಡ ಮಲೆನಾಡಿಗರಿಗೆ ಮುಳಶಿಯ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಉದ್ಯಮದ ತಜ್ಞರು ಬೇಡವೆಂಬುದು ನಮ್ಮ ವಾದವಲ್ಲ. ಅವರಿಲ್ಲದೆ ಹೋದರೆ ದೇಶದ ಪ್ರತಿನಿಧಿ ಯಂತ್ರದ ಮರ್ಮ ತಿಳಿಯದೆ ಇತರರ ಮಾತಿಗೆ ತಲೆಯಾಡಿಸುವವನಾದಾನು. ಆದರೆ ಮೈಸೂರು ತನ್ನ ಎಂಜಿನಿಯರನ್ನು ಕಳುಹಿಸುವಾಗ ಪ್ರಶ್ನೆ ಸಂಸ್ಥಾನದ್ದಾಗಿತ್ತು, ಉತ್ತರವೂ ಸಂಸ್ಥಾನಕ್ಕೇ ಸಲ್ಲಬೇಕಿತ್ತು. ಇಂದು ನೇಮಕವಾಗುವವರ ಸಂಬಳ ಕಂಪನಿಯದು, ಹೆಸರು ದೇಶದ್ದು. ಈ ಎರಡರ ನಡುವಿನ ಗೆರೆಯನ್ನು ಎಳೆಯಬೇಕಾದದ್ದು ನೇಮಿಸುವ ಸರ್ಕಾರ. ಪ್ರತಿನಿಧಿಯ ಹಿತಾಸಕ್ತಿ ಬಹಿರಂಗವಾಗಿರಬೇಕು. ಆತ ತಂದ ವರದಿ ಕಂಪನಿಯ ಕಪಾಟಿಗೆ ಹೋಗದೆ ನಾಡಿನ ಭಾಷೆಗಳಲ್ಲಿ ಜನರ ಕೈಗೆ ಬರಬೇಕು. ಯೋಜನೆಯ ನೆಲದವರಿಗೂ ಆ ನಿಯೋಗದಲ್ಲಿ ಒಂದು ಸ್ಥಾನ ಸಲ್ಲಬೇಕು. ಲೋಟ್‌ಬಿನಿಯರ್ ಅವರ ಪ್ರಶ್ನೆಯ ಜೊತೆಗೆ ಬಾಪಟರ ಪ್ರಶ್ನೆಯೂ ಆ ಮೇಜನ್ನು ತಲುಪಿದಾಗ ಮಾತ್ರ ಅಲ್ಲಿ ಕುಳಿತವರನ್ನು ದೇಶದ ಪ್ರತಿನಿಧಿಗಳೆಂದು ಕರೆಯುವುದು ನ್ಯಾಯವಾದೀತು.